ಅವ್ವನ ಲೆಕ್ಕ

ಮಾಲಾ-ಎನ್ ಪಟ್ಟಿಯಲ್ಲಿ 28 ಗುಳಿಗೆ. 21 ಹಾರ್ಮೋನಿನವು, ಉಳಿದ 7 ಕಬ್ಬಿಣಾಂಶದವು. ಕಂಪ್ಲಿ ಹತ್ತಿರದ ನಮ್ಮೂರಲ್ಲಿ ಆಶಾ ಕಾರ್ಯಕರ್ತೆಯರು ಕೊಡ್ತಾರೆ. ಬೆಂಗಳೂರಲ್ಲಿ ನಾನು ದುಡ್ಡು ಕೊಟ್ಟು ತಗೊಂಡಿದ್ದೂ ಹೆಚ್ಚುಕಮ್ಮಿ ಅದೇ ಜಾತಿಯದು. ಶುರುವಿನಲ್ಲಿ ವಾಕರಿಕೆ, ಎದೆಭಾರ, ಮುಟ್ಟಿನ ದಿನ ಅಲ್ಲದಿದ್ರೂ ಆಗಾಗ ಎರಡು ಹನಿ ರಕ್ತ. ಮೂರು ತಿಂಗಳಲ್ಲಿ ಸರಿಹೋಗುತ್ತೆ, ನಡುವೆ ನಿಲ್ಲಿಸಬೇಡಿ ಅಂದ್ರು ಡಾಕ್ಟರು. ಸರಿಹೋಯ್ತು. ಫ್ಲ್ಯಾಟಿನಲ್ಲಿ ಆ ಎರಡು ಹನಿಯ ಸುದ್ದಿ ಯಾರಿಗೂ ಬೇಕಿರಲಿಲ್ಲ.

ಊರಲ್ಲಿ ತಮ್ಮನ ಹೆಂಡತಿಗೂ ಹೀಗೇ ಆಯ್ತು. ಆದ್ರೆ ಅಲ್ಲಿ ಒಂದು ಹನಿ ಕಂಡ್ರೂ ಮುಟ್ಟು ಮುಟ್ಟೇ. ಒಲೆ ಮುಟ್ಟಂಗಿಲ್ಲ, ದೇವರ ಕೋಣೆ ಕಡೆ ಹೋಗಂಗಿಲ್ಲ. ತಿಂಗಳಲ್ಲಿ ಮೂರು ಸಲ ಹೊರಗೆ ಕೂತ್ರೆ ಅತ್ತೆ ಕೇಳದೆ ಬಿಡ್ತಾರಾ? ಅತ್ತೆ ಅಂದ್ರೆ ಬೇರೆ ಯಾರೂ ಅಲ್ಲ, ನಮ್ಮವ್ವ. ಹುಡುಗಿ ಅರ್ಧ ಪಟ್ಟಿಗೇ ಗುಳಿಗೆ ಬಿಟ್ಟಳು. ವಾಕರಿಕೆ ತಡ್ಕೊಂಡಿದ್ದಳು, ಪ್ರಶ್ನೆ ತಡ್ಕೊಳ್ಳೋಕೆ ಆಗಲಿಲ್ಲ.

ಈಗ ಛಾಯಾ ಕೇಳ್ತಿದ್ದಾಳೆ. ಲಖನೌದ ಪ್ರಯೋಗಾಲಯದಲ್ಲಿ ಹುಟ್ಟಿದ, ಹಾರ್ಮೋನಿಲ್ಲದ ಗುಳಿಗೆ. ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ಒಂದೇ. ವಾಕರಿಕೆಯ ಕಾಟ ಇಲ್ಲ. ಆದ್ರೆ ಕೆಲವರಿಗೆ ಮುಟ್ಟು ತಡವಾಗುತ್ತೆ.

ತಡವಾದ್ರೆ ಅವ್ವ ಸಿಹಿ ಹಂಚೋಕೆ ರೆಡಿ.