ಆದವಾನಿಯ ಅಣ್ಣ ಹೊರಗಿನವನೇ?

ಪ್ರಿಯ ಗೆಳೆಯರೇ,

ನಿಮ್ಮ ಕಾಗದ ಬಂದು ಹದಿನೈದು ದಿನವಾಯಿತು. "ಹೊರಗಿನೋರು ಬಂದು ನಮ್ಮ ಹುಡುಗರ ಕೆಲಸ ಕಸ್ಕೊಳ್ಳಾಕತ್ಯಾರ, ಬರಿಯೋ ಮಂದಿ ಸುಮ್ನ ಕುಂತೀರಿ" ಎಂದು ಬೈದಿದ್ದೀರಿ. ಬೈದದ್ದಕ್ಕೆ ಬೇಸರವಿಲ್ಲ. ಆದರೆ ಈ ನಡುವೆ ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೋಗಿ ಬಂದೆ. ಬರೆದಿಟ್ಟಿದ್ದ ಉತ್ತರವನ್ನು ಹರಿದು ಹಾಕಬೇಕಾಯಿತು.

ತೆಕ್ಕಲಕೋಟೆ ಕಡೆ ಒಂದು ಕ್ಯಾಂಪಿನಲ್ಲಿ ಚಹಾಕ್ಕೆ ನಿಂತೆ. ತುಂಗಭದ್ರೆಯ ಕಾಲುವೆ ನೀರು ನಂಬಿ ಆಂಧ್ರದಿಂದ ಬಂದು ಗದ್ದೆ ಮಾಡಿದವರ ಊರುಗಳಿವು. ಮೊಮ್ಮಕ್ಕಳ ಕಾಲ ಬಂದರೂ ಹೆಸರು ಇನ್ನೂ ಕ್ಯಾಂಪೇ. ಅಂಗಡಿಯಾಕೆ ಮಗಳನ್ನು ತೆಲುಗಿನಲ್ಲಿ ಗದರುತ್ತಿದ್ದಳು. ಮಗಳು ತಲೆ ಎತ್ತದೆ ಉದ್ದರಿ ಪುಸ್ತಕದಲ್ಲಿ ಬರೆಯುತ್ತಿದ್ದಳು: 'ಮಿರ್ಚಿ 4, ಚಾ 2, ಬಾಕಿ'. ದುಂಡನೆಯ ಕನ್ನಡ ಅಕ್ಷರ, ನನ್ನದಕ್ಕಿಂತ ಚೆಂದ. ಎದುರಿನ ಗದ್ದೆಯಲ್ಲಿ ನಾಟಿ ಹಚ್ಚುತ್ತಿದ್ದವರೆಲ್ಲ ಗಂಡಸರು, ಬಂಗಾಳದ ಕಡೆಯವರಂತೆ. "ನಮ್ಮ ಊರ ಮಂದಿ ಎಲ್ಲಿ?" ಎಂದೆ. "ಬೆಂಗಳೂರಿಗೆ ಗುಳೇ ಹೋಗ್ಯಾರ್ರಿ" ಎಂದಳು ಆಕೆ.

ಈಗ 2024ರ ಜುಲೈ ನೆನಪು ಮಾಡಿಕೊಳ್ಳಿ. ಖಾಸಗಿ ಕಾರ್ಖಾನೆಗಳಲ್ಲಿ ಸ್ಥಳೀಯರಿಗೆ ಮೀಸಲು ಕೊಡುವ ಮಸೂದೆಗೆ ಸಂಪುಟ ಒಪ್ಪಿತು. ಮುಖ್ಯಮಂತ್ರಿ ಸಿದ್ದರಾಮಯ್ಯನವರು 'ಸಿ' ಮತ್ತು 'ಡಿ' ದರ್ಜೆಗೆ ನೂರಕ್ಕೆ ನೂರು ಕನ್ನಡಿಗರೇ ಎಂದು ಎಕ್ಸ್‌ನಲ್ಲಿ ಹಾಕಿದರು, ಆಮೇಲೆ ಅಳಿಸಿದರು. ಕಾರ್ಮಿಕ ಸಚಿವ ಸಂತೋಷ್ ಲಾಡ್, ನಮ್ಮ ಸಂಡೂರಿನವರೇ, ಆಡಳಿತ ಹುದ್ದೆಗೆ ಶೇಕಡಾ 50, ಉಳಿದದ್ದಕ್ಕೆ ಶೇಕಡಾ 70 ಎಂದು ತಿದ್ದಿ ಹೇಳಿದರು. ಉದ್ಯಮಿಗಳು ಗದ್ದಲವೆಬ್ಬಿಸಿದರು, 17ರ ರಾತ್ರಿಯೊಳಗೆ ಮಸೂದೆ ತಡೆಹಿಡಿದಾಗಿತ್ತು. ಇನ್ನೊಂದು ಪಕ್ಷದ ಸರ್ಕಾರವೂ ಕಡಿಮೆಯದ್ದಲ್ಲ. 2020ರ ಮೇನಲ್ಲಿ ಬಿಲ್ಡರುಗಳ ಜತೆ ಸಭೆಯಾದ ಬೆನ್ನಲ್ಲೇ ಯಡಿಯೂರಪ್ಪನವರ ಸರ್ಕಾರ ಲಾಕ್‌ಡೌನಿನಲ್ಲಿ ಊರಿಗೆ ಹೊರಟ ವಲಸೆ ಕಾರ್ಮಿಕರ ರೈಲುಗಳನ್ನು ನಿಲ್ಲಿಸಿ, ಎಲ್ಲ ಕಡೆಯಿಂದ ಉಗಿಸಿಕೊಂಡು ಮತ್ತೆ ಬಿಟ್ಟಿತು. ಆಗ 'ಹೋಗಬೇಡ', ನಾಲ್ಕು ವರ್ಷ ಕಳೆದ ಮೇಲೆ 'ಬರಬೇಡ'. ಕೇಳಿಸಿಕೊಂಡವನು ಮಾತ್ರ ಅದೇ ಗಾರೆ ಕೆಲಸದವನು.

ಮಸೂದೆಯ ಪ್ರಕಾರ ಸ್ಥಳೀಯ ಎಂದರೆ ರಾಜ್ಯದಲ್ಲಿ ಹುಟ್ಟಿ, 15 ವರ್ಷ ಇಲ್ಲೇ ನೆಲೆಸಿ, ಕನ್ನಡ ಆಡಿ ಓದಿ ಬರೆಯಬಲ್ಲವನು. ಓದಿದಾಗ ಸರಿ ಅನ್ನಿಸುತ್ತದೆ. ಬಳ್ಳಾರಿಗೆ ತಂದರೆ ತೊಡಕು. 1953ರ ಅಕ್ಟೋಬರ್ 1ರವರೆಗೆ ನಾವು ಮದ್ರಾಸಿನವರು. ಅಂದು ಬಳ್ಳಾರಿ, ಸಿರುಗುಪ್ಪ ಮೈಸೂರಿಗೆ ಬಂದವು. ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ನಮ್ಮ ದೊಡ್ಡಪ್ಪನ ಮನೆ ಆದವಾನಿಯಲ್ಲಿ. ಅವರು ಒಂದು ಹೆಜ್ಜೆಯೂ ಕದಲಲಿಲ್ಲ, ಗಡಿಯೇ ಎದ್ದು ಮನೆಯ ಈಚೆಗೆ ಬಂತು. ಆ ಮನೆಯಲ್ಲಿ ಹುಟ್ಟಿ ಕನ್ನಡದಲ್ಲೇ ಕನಸು ಕಾಣುವ ಅಣ್ಣ ಈ ಮಸೂದೆಗೆ ಹೊರಗಿನವನು. ತೆಲುಗಿನಲ್ಲಿ ಬೈಸಿಕೊಳ್ಳುವ ಆ ಕ್ಯಾಂಪಿನ ಹುಡುಗಿ ಅಚ್ಚ ಸ್ಥಳೀಯಳು. ಹುಡುಗಿಯ ಬಗ್ಗೆ ನನಗೆ ಸಂತೋಷವೇ. ಅಣ್ಣನಿಗೆ ಏನು ಹೇಳಲಿ?

ನಿಮ್ಮ ಸಿಟ್ಟು ಸುಳ್ಳೆಂದು ನಾನು ಹೇಳುತ್ತಿಲ್ಲ. ಕುಡಿತಿನಿಯಲ್ಲಿ ಕಾರ್ಖಾನೆಗೆಂದು ಹೊಲ ಕೊಟ್ಟವರು ಕಾರ್ಖಾನೆಯನ್ನೂ ಕಾಣದೆ ಕೆಲಸವನ್ನೂ ಕಾಣದೆ ಧರಣಿ ಕೂತದ್ದನ್ನು ನೋಡಿದವನು ನಾನು. ಅವರ ಮಕ್ಕಳು ತೋರಣಗಲ್ಲಿನ ಕಾರ್ಖಾನೆಯ ಗೇಟಿನ ಮುಂದೆ ಅರ್ಜಿ ಹಿಡಿದು ನಿಂತರೆ ಮೊದಲ ಹಕ್ಕು ಅವರದೇ. ಆದರೆ ಆ ಹಕ್ಕನ್ನು ಭೂಮಿ ಬರೆಸಿಕೊಂಡವರ ಹತ್ತಿರ ಕೇಳಬೇಕು. ಲೇಬರ್ ಶೆಡ್ಡಿನಲ್ಲಿ ಎಂಟು ಜನ ಒಂದೇ ಫ್ಯಾನಿನಡಿ ಮಲಗುವ ಬಿಹಾರದ ಹುಡುಗನ ಹತ್ತಿರವಲ್ಲ. ಅವನು ಕಡಿಮೆ ಕೂಲಿಗೆ ಒಪ್ಪುತ್ತಾನೆ ಎನ್ನುತ್ತೀರಿ. ಹೌದು. ಹಾಗಾದರೆ ಕೂಲಿಯ ಮಾತಾಡೋಣ. ಸರ್ಕಾರದ ಒಂದು ಪೋಸ್ಟಿನಲ್ಲೂ ಕೂಲಿಯ ಮಾತು ನನಗೆ ಕಾಣಲಿಲ್ಲ.

ಬೆಂಗಳೂರಿನ ಯಾವುದೋ ಅಪಾರ್ಟ್‌ಮೆಂಟಿನ ಬುಡದ ಜೋಪಡಿಯಲ್ಲಿರುವ ಸಿರುಗುಪ್ಪದವರನ್ನು ಅಲ್ಲಿಯ ಮಂದಿ ಏನೆಂದು ಕರೆಯುತ್ತಾರೋ, ಯಾವಾಗಲಾದರೂ ವಿಚಾರಿಸಿ ಬರೆಯಿರಿ.

ಕುರುಗೋಡು ದೊಡ್ಡಬಸವೇಶ್ವರನ ತೇರಿಗೆ ಆದವಾನಿಯ ಅಣ್ಣ ಪ್ರತಿವರ್ಷ ಬರುತ್ತಾನೆ. ಈ ಸಲ ನೀವೂ ಬನ್ನಿ. ಕನ್ನಡದ ಪರೀಕ್ಷೆ ನೀವೇ ತಗೊಳ್ಳಿ. ಒಗ್ಗರಣೆ-ಮಿರ್ಚಿ ನನ್ನ ಲೆಕ್ಕ.

ನಿಮ್ಮವ