ರೊಟೊಟೂನದಿಂದ – 17: ಸ್ವೆಟರ್ ಯಾರಿಗೆ ಅಂದರೆ

ಕೆಳಗೆ ಹಾಕಿರೋ ಫೋಟೋದಲ್ಲಿ ಹಸಿರು, ಹಳದಿ, ಕಿತ್ತಳೆ, ಕೆಂಪು, ಕಂದು ಬಣ್ಣದ ಸ್ವೆಟರ್ ಹಾಕಿಕೊಂಡು ನಿಂತಿರೋಳು ನಾನೇ. ಫೋಟೋ ತೆಗೆದಿದ್ದು ನಮ್ಮನೆಯವರು, ಅದಕ್ಕೇ ತಲೆ ಅರ್ಧ ಕಟ್ ಆಗಿದೆ. ಸ್ವೆಟರ್ ಪೂರ್ತಿ ಬಂದಿದೆಯಲ್ಲ, ಅಷ್ಟು ಸಾಕು.

ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ಇರೋರಿಗೆ ಈಗಾಗಲೇ ಪ್ರಶ್ನೆ ಬಂದಿರುತ್ತೆ. ಇದು ಅಣ್ಣನ ಮಗಳಿಗೆ ಅಂತ ಹೇಳಿದ್ದಳಲ್ಲ? ಹೌದು, ಹೇಳಿದ್ದೆ. ಸುಳ್ಳು ಹೇಳಿದ್ದೆ. ಒಂದಲ್ಲ, ಎರಡು ಸುಳ್ಳು. ಎರಡನೆಯದನ್ನೂ ಇಲ್ಲೇ ಹೇಳಿಬಿಡ್ತೀನಿ. ಅಪ್ಪ, ಇದನ್ನು ಓದ್ತಿದ್ದರೆ ಗಾಬರಿ ಆಗಬೇಡಿ, ಈಗ ಎಲ್ಲ ಸರಿಯಾಗಿದೆ.

ಮೇ ತಿಂಗಳ ಎರಡನೇ ವಾರ, ನೈಟ್ ಡ್ಯೂಟಿ ಮುಗಿಯೋ ಹೊತ್ತಿಗೆ ಒಬ್ಬರು ಪೇಶೆಂಟ್ ಮಂಚದಿಂದ ಇಳಿಯೋವಾಗ ಜಾರಿದರು. ಹಾಗೆ ಬೀಳ್ತಿರೋರನ್ನು ಹಿಡಿಯಬಾರದು, ಮೆಲ್ಲಗೆ ನೆಲಕ್ಕೆ ಇಳಿಸಬೇಕು ಅಂತ ಮೊದಲ ವರ್ಷದಲ್ಲೇ ಕಲಿಸಿರ್ತಾರೆ. ಹೊಸಬರಿಗೆ ನಾನೇ ಎಷ್ಟೋ ಸಲ ಹೇಳಿಕೊಟ್ಟಿದ್ದೀನಿ. ಆ ಕ್ಷಣಕ್ಕೆ ಕೈ ಬುದ್ಧಿಯ ಮಾತು ಕೇಳಲಿಲ್ಲ, ಹಿಡಿದುಬಿಟ್ಟೆ. ಅವರಿಗೆ ಏನೂ ಆಗಲಿಲ್ಲ. ನನ್ನ ಸೊಂಟದ ಹತ್ತಿರ ಏನೋ ಹರಿದ ಹಾಗಾಯ್ತು. ಬೆಳಿಗ್ಗೆ ಕಾರಿನ ಗಾಜಿನ ಮೇಲಿನ ಇಬ್ಬನಿ ಒರೆಸೋಕೆ ಬಗ್ಗಿದೆ, ಏಳೋಕೆ ಆಗಲಿಲ್ಲ.

ಆರು ವಾರ ಕೆಲಸಕ್ಕೆ ಹೋಗಲಿಲ್ಲ. ನಾನು ಗ್ರೂಪಿನಲ್ಲಿ "ಸ್ವಲ್ಪ ರಜೆ ಉಳಿದಿತ್ತು, ಹಾಕಿದೀನಿ" ಅಂದೆ. ಯಾಕೆ ಮುಚ್ಚಿಟ್ಟೆ ಅಂತ ಕೇಳಬೇಡಿ. ಹೊರದೇಶದಲ್ಲಿ ಇರೋ ನರ್ಸುಗಳೆಲ್ಲ ಇದನ್ನೇ ಮಾಡೋದು. ಕಾಲು ಮುರಿದಿದ್ದರೂ ವಿಡಿಯೋ ಕಾಲಿನಲ್ಲಿ ಮುಖ ಮಾತ್ರ ತೋರಿಸ್ತೀವಿ.

ಊರಿನ ನರ್ಸಿಂಗ್ ಗೆಳತಿಯರು ಕೇಳ್ತಾರೆ ಅಂತ ಇದೊಂದು ವಿಷಯ ಬರೆದುಬಿಡ್ತೀನಿ. ಇಲ್ಲಿ ಎಸಿಸಿ ಅಂತ ಒಂದು ವ್ಯವಸ್ಥೆ ಇದೆ, 1974ರಿಂದ ನಡೀತಿದೆ. ಅಪಘಾತ ಆಗಿ ಪೆಟ್ಟಾದರೆ ತಪ್ಪು ಯಾರದ್ದು ಅಂತ ನೋಡಲ್ಲ, ಕೋರ್ಟು ಕಚೇರಿ ಅಲೆದಾಟ ಇಲ್ಲ. ಕೆಲಸದಲ್ಲಿ ಆದ ಪೆಟ್ಟಾದರೆ ಮೊದಲ ವಾರ ಕೆಲಸ ಕೊಟ್ಟವರು, ಆಮೇಲೆ ಎಸಿಸಿಯವರು ಸಂಬಳದ ನೂರಕ್ಕೆ 80ರಷ್ಟು ಕೊಡ್ತಾರೆ. ಫಿಸಿಯೋಥೆರಪಿಗೂ ನೆರವು ಸಿಗುತ್ತೆ. ಫಾರಂ ತುಂಬಬೇಕು, ಅಷ್ಟೇ. ಫಾರಂ ತುಂಬೋದರಲ್ಲಿ ನಮ್ಮನ್ನು ಮೀರಿಸೋರು ಯಾರಿದ್ದಾರೆ?

ಸರಿ, ಮನೇಲಿ ಕೂತೆ. ರೊಟೊಟೂನದ ಚಳಿಗಾಲ ಹೇಗಿರುತ್ತೆ ಅಂತ ಹಿಂದಿನ ಕಂತುಗಳಲ್ಲಿ ಬರೆದಿದ್ದೀನಿ. ಹಿಮ ಬೀಳಲ್ಲ, ಆದರೆ ಬೆಳಿಗ್ಗೆ ಹತ್ತು ಗಂಟೆವರೆಗೂ ಮಂಜು, ಎದುರು ಮನೆ ಕಾಣಲ್ಲ. ಹುಲ್ಲೆಲ್ಲ ಬೆಳ್ಳಗೆ ಗರಿಗರಿ. ನಮ್ಮನೆಯವರು ಆಫೀಸಿಗೆ, ಮಗ ಸ್ಕೂಲಿಗೆ ಹೋದ ಮೇಲೆ ನಾನು, ಹೀಟ್ ಪಂಪಿನ ಗೊರ್ ಸದ್ದು. ಹನ್ನೊಂದು ವರ್ಷ ಸರ್ವೀಸಿನಲ್ಲಿ ಇಷ್ಟು ದಿನ ಕೈ ಕಟ್ಟಿ ಕೂತಿದ್ದು ಹೆರಿಗೆ ಆದಾಗಲೂ ಇಲ್ಲ.

ಎರಡನೇ ವಾರ ನಡೆದಾಡು ಅಂದರು ಫಿಸಿಯೋ. ನಡೆದುಕೊಂಡು ಹೋಗಿ ಒಂದು ಆಪ್ ಶಾಪಿನೊಳಗೆ ನುಗ್ಗಿದೆ. ಆಪ್ ಶಾಪ್ ಅಂದರೆ ಜನ ಬೇಡದ ಸಾಮಾನು ಕೊಟ್ಟು ಹೋಗ್ತಾರೆ, ಅದನ್ನು ಮಾರಿ ಬಂದ ದುಡ್ಡನ್ನು ಸೇವಾ ಕೆಲಸಕ್ಕೆ ಬಳಸ್ತಾರೆ. ಮೂಲೆಯಲ್ಲಿ ಒಂದು ದಿಂಬಿನ ಕವರಿನ ತುಂಬ ಉಲ್ಲನ್ ಉಂಡೆಗಳು, 4 ಪ್ಲೈ, ಅಪ್ಪಟ ಉಣ್ಣೆ, ಹನ್ನೆರಡು ಡಾಲರ್. ಯಾರೋ ಅಜ್ಜಿ ತೀರಿಕೊಂಡ ಮೇಲೆ ಮಕ್ಕಳು ತಂದುಕೊಟ್ಟಿದ್ದಿರಬೇಕು. ಆರು ಬಣ್ಣ ಇತ್ತು. ಅಂಗಡಿಯಲ್ಲಿ ಹೊಸದಾಗಿ ಇಷ್ಟು ಉಣ್ಣೆ ತಗೊಂಡರೆ ನೂರು ಡಾಲರ್ ದಾಟುತ್ತೆ.

ಕುರಿ ದೇಶದಲ್ಲಿ ಉಲ್ಲನ್ ದುಬಾರಿಯಾ ಅಂತೀರಿ. 1982ರಲ್ಲಿ ಇಲ್ಲಿ 7 ಕೋಟಿ ಕುರಿ ಇತ್ತಂತೆ. ಈಗ ಅದರ ಮೂರನೇ ಒಂದು ಭಾಗದ ಆಸುಪಾಸು. ಹೆಚ್ಚಿನ ಕುರಿಗಳ ಉಣ್ಣೆ ಒರಟು, ಕಾರ್ಪೆಟ್ಟಿಗೆ ಹೋಗೋದು. ಅದರ ರೇಟು ಬಿದ್ದ ವರ್ಷಗಳಲ್ಲಿ ಕತ್ತರಿಸೋರ ಕೂಲಿಯೂ ರೈತರಿಗೆ ಹುಟ್ಟಲಿಲ್ಲ. ಮೈಗೆ ಚುಚ್ಚದ ಮೆರಿನೊ ಹೆಚ್ಚಾಗಿ ಸೌತ್ ಐಲ್ಯಾಂಡಿನ ಬೆಟ್ಟಗಳ ಕಡೆಯದು. ನಮ್ಮ ದಕ್ಷಿಣಕ್ಕೆ ಸುಮಾರು ಒಂದು ಗಂಟೆ ದಾರಿಯಲ್ಲಿ ಟೆ ಕೂಯಿಟಿ ಅಂತ ಊರಿದೆ, ಅಲ್ಲಿ ಕುರಿ ಉಣ್ಣೆ ಕತ್ತರಿಸೋನ ದೊಡ್ಡ ಪ್ರತಿಮೆಯನ್ನೇ ನಿಲ್ಲಿಸಿದ್ದಾರೆ. ರೇಟು ಕೇಳಿದರೆ ನಮ್ಮೂರಿನವರ ಅಡಿಕೆ ಮಾತೇ ನೆನಪಾಗುತ್ತೆ.

ಉಂಡೆಗಳನ್ನು ಮನೆಗೆ ತಂದು ಮಂಚದ ಮೇಲೆ ಸಾಲಾಗಿ ಇಟ್ಟೆ. ಎಳೆ ಹಸಿರು, ಗಿಳಿ ಹಸಿರು, ಕಿತ್ತಳೆ, ಇಟ್ಟಿಗೆ ಬಣ್ಣ, ಕಡುಗೆಂಪು, ಕಾಫಿ ಕಂದು. ನಡುವೆ ಒಂದು ಅರಿಶಿನ ಹಳದಿ ಇದ್ದರೆ ಸರಿ ಅನ್ನಿಸ್ತು, ಅದನ್ನು ಹೊಸದಾಗಿ ತಗೊಂಡೆ. ಏಳು ಬಣ್ಣ ಆಯ್ತು. ಒಂದು ಸ್ವೆಟರಿಗೆ ಸಾಕು. ಯಾರಿಗೆ ಅಂತ ಯೋಚಿಸ್ತಾ ಕೂತೆ. ನಾದಿನಿಗಾ? ವಾರ್ಡಿನಲ್ಲಿ ರಿಟೈರ್ ಆಗ್ತಿರೋರಿಗಾ? ಒಂದು ಗಂಟೆ ಆದ ಮೇಲೆ ಹೊಳೀತು, ನನಗೇ ಮಾಡ್ಕೋಬಹುದು.

ಇದು ಹೊಳೆಯೋಕೆ ಒಂದು ಗಂಟೆ ಯಾಕೆ ಬೇಕಾಯ್ತು ಅಂದರೆ, ನಮ್ಮನೇಲಿ ಕ್ರೋಶಾ ಕಡ್ಡಿ ಯಾವತ್ತೂ ಬೇರೆಯವರಿಗೇ ಓಡಿದ್ದು. ಅಮ್ಮ ಸೀರೆ ಕುಚ್ಚು ಹಾಕ್ತಿದ್ದಳು, ಸಾಗರದವರಿಗೆಲ್ಲ ಗೊತ್ತು. ಮದುವೆ ಸೀಸನ್ನಿನಲ್ಲಿ ನಮ್ಮನೆ ಜಗಲಿ ಮೇಲೆ ಊರಿನವರ ಸೀರೆಗಳ ರಾಶಿ. ಮಣಿ ಹಾಕಿದರೆ ಒಂದು ರೇಟು, ಹಾಕದಿದ್ದರೆ ಒಂದು. ನಾನು ಮಂಗಳೂರಿನಲ್ಲಿ ಬಿಎಸ್ಸಿ ನರ್ಸಿಂಗ್ ಓದೋವಾಗ ಫೀಸಿಗೆ ಅಡಿಕೆ ದುಡ್ಡು ಹೋಗ್ತಿತ್ತು, ಹಾಸ್ಟೆಲ್ಲಿಗೆ ಕುಚ್ಚಿನ ದುಡ್ಡು. ಅಮ್ಮನ ಸೀರೆಗಳ ಸೆರಗು ಮಾತ್ರ ಬರೀ ಗಂಟು ಹಾಕಿದ್ದು. ಒಂದು ಸಲ ಕೇಳಿದ್ದಕ್ಕೆ "ನಂಗೆ ಯಾರು ದುಡ್ಡು ಕೊಡ್ತಾರೆ?" ಅಂದಿದ್ದಳು. ತಮಾಷೆಗೆ ಅಂದಿದ್ದು, ನಾವೂ ನಕ್ಕಿದ್ವಿ. ಈಗ ಆಮವಾತದಿಂದ ಬೆರಳಿನ ಗಂಟೆಲ್ಲ ಊದಿ ನಾಲ್ಕು ವರ್ಷದಿಂದ ಕಡ್ಡಿ ಹಿಡಿದಿಲ್ಲ.

ನಾನೂ ಹಾಗೇ. ಮಕ್ಕಳ ವಾರ್ಡಿಗೆ ಟೋಪಿ, ಬಾಣಂತಿಯರಿಗೆ ಕಾಲುಚೀಲ, ಅತ್ತೆಗೆ ಶಾಲು. ಎಣಿಸಿದರೆ ನೂರು ದಾಟುತ್ತೆ. ನನಗೆ ಅಂತ ಒಂದು ಕರ್ಚೀಫಿನ ಅಂಚೂ ಹಾಕಿಕೊಂಡಿಲ್ಲ. ಅದರ ಮೇಲೆ ಸ್ವೆಟರನ್ನು ಡ್ಯೂಟಿಗೆ ಹಾಕ್ಕೊಂಡು ಹೋಗೋ ಹಾಗೂ ಇಲ್ಲ. ಪೇಶೆಂಟ್ ಹತ್ತಿರ ಹೋಗೋವಾಗ ಮೊಣಕೈ ಕೆಳಗೆ ಬಟ್ಟೆ, ವಾಚು, ಬಳೆ ಏನೂ ಇರಬಾರದು. ಉದ್ದ ತೋಳಿನ ಉಣ್ಣೆ ಸ್ವೆಟರ್ ಅಂದರೆ ಕೆಲಸ ಇಲ್ಲದಾಗ ಮಾತ್ರ ಹಾಕೋದು. ಹೀಗೆಲ್ಲ ಇರೋವಾಗ ವಿಡಿಯೋ ಕಾಲಿನಲ್ಲಿ ಅತ್ತಿಗೆ "ಏನೇ ಅದು ಕೈಯಲ್ಲಿ, ಯಾರಿಗೆ?" ಅಂದರೆ ಏನು ಹೇಳೋದು? "ನಿಮ್ಮ ಪುಟ್ಟಿಗೆ" ಅಂದುಬಿಟ್ಟೆ. ನನಗೇ ಅಂದರೆ, ಅಷ್ಟು ಟೈಮ್ ಎಲ್ಲಿಂದ ಬಂತು, ಯಾಕೆ ಮನೇಲಿದೀಯ, ಹುಷಾರಿಲ್ವಾ ಅಂತ ಒಂದೊಂದೇ ಹೊರಗೆ ಬರ್ತಿತ್ತು. ಪುಟ್ಟಿ ಹೆಸರು ಹೇಳಿದರೆ ಮಾತು ಅಲ್ಲಿಗೆ ಮುಗೀತು. ಮುಗೀತು ಅಂದುಕೊಂಡೆ.

ಹಾಕಿದ್ದು ಹೇಗೆ ಅಂತ ಕೇಳೋರಿಗೆ: ಕತ್ತಿನಿಂದ ಶುರು ಮಾಡಿ ಕೆಳಗೆ ಇಳಿಯೋದು. 80 ಚೈನು, ಸುತ್ತು ಸೇರಿಸಿ, ನಾಲ್ಕು ಜಾಗದಲ್ಲಿ ಮನೆ ಹೆಚ್ಚಿಸ್ತಾ ಹೋದರೆ ಭುಜ ತಾನೇ ಆಗುತ್ತೆ. ಹೊಲಿಗೆ ಇಲ್ಲ, ನಡುವೆ ತೊಟ್ಟು ನೋಡಬಹುದು. ಬಣ್ಣ ಒಂದರೊಳಗೆ ಒಂದು ಕರಗೋ ಹಾಗೆ ಮಾಡೋಕೆ ಎರಡೆಳೆ ಒಟ್ಟಿಗೆ ಹಿಡಿದು ಹಾಕಬೇಕು. ಮೊದಲು ಎರಡೂ ಎಳೆ ಹಸಿರು. ನಾಲ್ಕು ಸಾಲು ಆದ ಮೇಲೆ ಒಂದೆಳೆ ತೆಗೆದು ಗಿಳಿ ಹಸಿರು ಸೇರಿಸೋದು, ಇನ್ನು ನಾಲ್ಕು ಸಾಲಿಗೆ ಎರಡೂ ಗಿಳಿ ಹಸಿರು. ಹೀಗೆ ಏಳು ಬಣ್ಣದಲ್ಲಿ ಹದಿಮೂರು ಪಟ್ಟಿ, 52 ಸಾಲು. ದೂರದಿಂದ ನೋಡಿದರೆ ಎಲ್ಲಿ ಬದಲಾಯ್ತು ಗೊತ್ತಾಗಲ್ಲ. ಹತ್ತಿರದಿಂದ ನೋಡಿದರೆ ಮಿಶ್ರ ಪಟ್ಟಿಗಳಲ್ಲಿ ಎಳ್ಳು ಉದುರಿಸಿದ ಹಾಗೆ ಕಾಣುತ್ತೆ, ನನಗೆ ಅದೇ ಇಷ್ಟ.

ಮೊದಲ ಸಲ ಎಡವಟ್ಟಾಯ್ತು. ಪ್ಯಾಟರ್ನ್ ಸಿಕ್ಕಿದ್ದು ಅಮೆರಿಕದವರದ್ದು, ಅದರಲ್ಲಿ "ಡಬಲ್ ಕ್ರೋಶೆ" ಅಂತಿತ್ತು. ಅದು ಹೇಗೆ ಅಂತ ನಮ್ಮ ರೊಟೊಟೂನ ಲೈಬ್ರರಿಯಿಂದ ತಂದ ಪುಸ್ತಕದಲ್ಲಿ ನೋಡಿಕೊಂಡು ಹಾಕಿದೆ. (2023ರಲ್ಲಿ ಶುರುವಾದ ಲೈಬ್ರರಿ, ನಮ್ಮ ಕಡೆಯಿಂದ ಬಂದವರಿಗೆಲ್ಲ ತೋರಿಸ್ತೀನಿ.) ಹನ್ನೆರಡು ಸಾಲಾದರೂ ಭುಜ ಇಳೀತಿಲ್ಲ, ಬಟ್ಟೆ ಹಲಗೆ ಹಾಗೆ ಸೆಟೆದು ನಿಂತಿದೆ. ಆಮೇಲೆ ಗೊತ್ತಾಯ್ತು, ಪುಸ್ತಕ ಬ್ರಿಟಿಷ್ ಲೆಕ್ಕದ್ದು. ಬ್ರಿಟಿಷರ ಡಬಲ್ ಅಂದರೆ ಅಮೆರಿಕದವರ ಸಿಂಗಲ್, ಗಿಡ್ಡದ್ದು. ಅಮೆರಿಕದವರ ಡಬಲ್ ಅಂದರೆ ಇವರ ಟ್ರೆಬಲ್. ಅಂದರೆ ಅಮ್ಮ "ಕಂಬ" ಅಂತಿದ್ದಳಲ್ಲ, ಅದೇ! ಎಂಟನೇ ಕ್ಲಾಸಿನಿಂದ ಹಾಕ್ತಿರೋ ಕಂಬ. ಕೈಗೆ ಗೊತ್ತಿತ್ತು, ಇಂಗ್ಲಿಷ್ ಹೆಸರು ಗೊತ್ತಿರಲಿಲ್ಲ.

ಹನ್ನೆರಡೂ ಸಾಲು ಬಿಚ್ಚಿದೆ. ಬಿಚ್ಚಿದ ಉಣ್ಣೆ ಮ್ಯಾಗಿ ಹಾಗೆ ಗುಂಗುರಾಗಿರುತ್ತೆ. ಕುರ್ಚಿ ಬೆನ್ನಿಗೆ ಸುತ್ತಿ ಲಡಿ ಮಾಡಿ, ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ನೇತುಹಾಕಿ ಒಣಗಿಸಿದರೆ ನೆಟ್ಟಗಾಗುತ್ತೆ. ಇಲ್ಲಿನ ಜೂನ್ ತಿಂಗಳಲ್ಲಿ ಅದು ಒಣಗೋಕೆ ಮೂರು ದಿನ.

ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಒಂದೇ ಕಡೆ ಕೂರಬೇಡ ಅಂದಿದ್ದರು ಫಿಸಿಯೋ. ಎರಡು ಸುತ್ತಿಗೆ ಸರಿಯಾಗಿ ಇಪ್ಪತ್ತು ನಿಮಿಷ. ಹಾಗಾಗಿ ಎರಡು ಸುತ್ತು, ಎದ್ದು ಬೀದಿ ತುದಿವರೆಗೆ ನಡೆಯೋದು, ಮತ್ತೆ ಎರಡು ಸುತ್ತು. ಹಳದಿಗೆ ಬರೋ ಹೊತ್ತಿಗೆ ಬಗ್ಗಿ ಚಪ್ಪಲಿ ಹಾಕ್ಕೊಳ್ತಿದ್ದೆ. ಇಟ್ಟಿಗೆ ಬಣ್ಣಕ್ಕೆ ಬರೋ ಹೊತ್ತಿಗೆ ಬಟ್ಟೆ ಬುಟ್ಟಿ ಎತ್ತಿದೆ (ನಮ್ಮನೆಯವರು ಬೈದರು). ಕಂದು ಬಣ್ಣ ಶುರು ಮಾಡಿದ್ದು ಲೈಟ್ ಡ್ಯೂಟಿಗೆ ವಾಪಸ್ ಹೋದ ವಾರ.

ಆ ಆರು ವಾರದಲ್ಲಿ ಅತ್ತಿದ್ದೂ ಇದೆ. ನೋವಿಗೆ ಅಲ್ಲ. ಇನ್ನು ಮುಂದೆ ಪೇಶೆಂಟನ್ನು ಹೊರಳಿಸೋಕೆ ಆಗದಿದ್ದರೆ ನಾನು ಏನು ನರ್ಸು ಅನ್ನೋ ಭಯಕ್ಕೆ. ಮನೆ ಸಾಲ ಇದೆ, ಊರಿಗೆ ಕಳಿಸೋದಿದೆ. ಒಬ್ಬಳೇ ಕೂತು ಎಣಿಸ್ತಾ ಇದ್ದರೆ ಆ ಲೆಕ್ಕ ಬಿಟ್ಟು ಈ ಲೆಕ್ಕ ಹಿಡಿಯಬಹುದಿತ್ತು. ಅಷ್ಟೇ ಅದರ ಉಪಯೋಗ, ದೊಡ್ಡ ಥೆರಪಿ ಅಂತೇನೂ ಹೇಳಲ್ಲ.

ತೋಳಿಗೆ ಬಂದಾಗ ಕಿತ್ತಳೆ ಕಮ್ಮಿ ಬಿತ್ತು. ಅಡುಗೆಮನೆ ತಕ್ಕಡಿಯಲ್ಲಿ ಎರಡೂ ತೋಳಿಗೆ ಸಮ ತೂಗಿಟ್ಟಿದ್ದೆ. ಬಲಗೈ ತೋಳಿಗೆ ಜೋರಾಗಿ ಸಡಿಲ ಹಾಕಿಬಿಟ್ಟಿದ್ದೀನಿ, ಎಡಗೈಯಿಂದ ಕಡ ತಗೊಂಡಿದೆ. ಎಡತೋಳಿನ ಕಿತ್ತಳೆ ಎರಡು ಸಾಲು ಗಿಡ್ಡ. ಫೋಟೋದಲ್ಲಿ ಹುಡುಕಿ, ಸಿಗುತ್ತೆ. ಬಿಚ್ಚಲಿಲ್ಲ. ಬೇರೆಯವರಿಗೆ ಕೊಡೋದಾಗಿದ್ದರೆ ಬಿಚ್ಚುತ್ತಿದ್ದೆ.

ಇಷ್ಟರಲ್ಲಿ ಪುಟ್ಟಿಯ ವಾಯ್ಸ್ ಮೆಸೇಜು. "ಅತ್ತೆ, ನನ್ನ ಸ್ವೆಟರ್ ಆಯ್ತಾ? ನಮ್ಮ ಕ್ಲಾಸಲ್ಲಿ ಎಲ್ಲರಿಗೂ ಹೇಳಿದೀನಿ." ಅದನ್ನು ಎಂಟತ್ತು ಸಲ ಕೇಳಿದೆ. ಒಂಬತ್ತು ವರ್ಷದ ಹುಡುಗಿ. ಸುಳ್ಳು ಹೇಳಿದ್ದು ದೊಡ್ಡೋರಿಗೆ, ಹಿಡಿದುಕೊಂಡಿದ್ದು ಅವಳು. ಇದನ್ನೇ ಬಿಚ್ಚಿ ಚಿಕ್ಕದು ಮಾಡಿ ಕಳಿಸಿಬಿಡಲಾ ಅಂತ ಒಂದು ರಾತ್ರಿ ನಿಜವಾಗಿ ಕೂತು ಲೆಕ್ಕ ಹಾಕಿದೆ.

ಮರುದಿನ ಅಮ್ಮನಿಗೆ ಫೋನ್ ಮಾಡಿ ಕ್ಯಾಮೆರಾ ಪೂರ್ತಿ ಕೆಳಗೆ ಇಳಿಸಿ ತೋರಿಸಿದೆ. ಅಪ್ಪ ಹಿಂದಿನಿಂದ ಇಣುಕಿ "ಇದೇನೇ, ಕೊನೆ ಕೊಯ್ಲಿನ ಅಂಗಳದ ಹಾಗಿದೆ" ಅಂದರು. ಹಸಿ ಅಡಿಕೆ, ಹಣ್ಣಡಿಕೆ, ಬೇಯಿಸಿ ಚೊಗರಲ್ಲಿ ಅದ್ದಿ ಒಣಹಾಕಿದ್ದು, ಸಾಲಾಗಿ ಎಲ್ಲ ಇದೆ. ನಾನು ಹಾಗೆ ಯೋಚಿಸಿರಲೇ ಇಲ್ಲ, ಅಣೆ ಮಾಡಿ ಹೇಳ್ತೀನಿ.

ಅಮ್ಮ ಸುಮ್ಮನೆ ನೋಡ್ತಿದ್ದಳು. ಆಮೇಲೆ, "ಯಾರಿಗೇ ಇದು?"

"ನಂಗೇ ಅಮ್ಮ."

"ಗೊತ್ತು. ಒಂಬತ್ತು ವರ್ಷದ ಮಗೂಗೆ ಅಷ್ಟುದ್ದ ತೋಳಾ? ಅವತ್ತೇ ಗೊತ್ತಾಯ್ತು. ಕತ್ತು ಸ್ವಲ್ಪ ಬಿಗಿ ಮಾಡಬೇಕಿತ್ತು." ಸ್ವಲ್ಪ ತಡೆದು, "ಸೊಂಟ ಈಗ ಹೇಗಿದೆ?"

ಅದು ಅವಳಿಗೆ ಯಾರು ಹೇಳಿದರೋ! ನಮ್ಮನೆಯವರನ್ನು ಕೇಳಿದರೆ ತಲೆ ತಗ್ಗಿಸ್ತಾರೆ.

ಪುಟ್ಟಿಗೆ ನಾನೇ ಫೋನ್ ಮಾಡಿ ಹೇಳಿದೆ, ಅತ್ತೆ ಸುಳ್ಳು ಹೇಳಿದೆ ಕಣೇ, ಇದು ನನ್ನದು, ನಿಂಗೆ ಕೊಡಲ್ಲ. ಒಂದು ನಿಮಿಷ ಮಾತಾಡಲಿಲ್ಲ. ಆಮೇಲೆ "ಹಾಗಾದ್ರೆ ನಂಗೆ ನೀಲಿ ಬೇಕು" ಅಂದಳು. ಡಿಸೆಂಬರಿನಲ್ಲಿ ಬರೋವಾಗ ನೀಲಿ ಉಣ್ಣೆ ಮತ್ತೆ 5 ಎಂಎಂ ಕಡ್ಡಿ ತರ್ತೀನಿ. ಹಾಕಿಕೊಡಲ್ಲ, ಹೇಳಿಕೊಡ್ತೀನಿ. ಅತ್ತಿಗೆ, ಬೈಯೋದಿದ್ದರೆ ಆಗ ಎದುರಿಗೇ ಬೈಯಿರಿ.

ಅಮ್ಮನ ಆ ಹಸಿರು ಇಳಕಲ್ ಸೀರೆಯನ್ನು ಯಾರಾದರೂ ಗಾದ್ರೇಜಿನಿಂದ ತೆಗೆದಿಟ್ಟಿರಿ. ಅವಳಿಗೆ ಹೇಳಬೇಡಿ ಅನ್ನೋ ಹಾಗೂ ಇಲ್ಲ, ಇಲ್ಲಿ ಮೊದಲು ಓದೋಳೇ ಅವಳು. ಕುಚ್ಚು ನಾನು ಹಾಕ್ತೀನಿ. ಮಣಿ ಹಾಕಿದ್ದು.