ನಡುವಿನ ಸ್ಪೀಕರು

ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದವು ಎಂದರೆ ನಮ್ಮ ನೆರಿಯದಲ್ಲಿ ರಾತ್ರಿಗಳು ಒಮ್ಮೆಲೇ ಉದ್ದವಾಗುತ್ತವೆ. ಬೇಶ ತಿಂಗಳ ಹತ್ತಕ್ಕೆ, ಅಂದರೆ ಮೇ 24ರ ಆಸುಪಾಸಿಗೆ, ತುಳುನಾಡಿನ ಆಟ-ಕೋಲಗಳಿಗೆ ವಿರಾಮ ಬಿದ್ದರೆ ಮತ್ತೆ ದೀಪಾವಳಿ ಕಳೆಯಬೇಕು. ಅಲ್ಲಿಯವರೆಗೆ ಘಟ್ಟದ ಬುಡದ ಈ ಊರಲ್ಲಿ ಹೊಳೆ ತುಂಬಿ ಹರಿಯುತ್ತದೆ, ರೈನ್‌ಗಾರ್ಡ್ ಕಟ್ಟದ ರಬ್ಬರಿನ ಟ್ಯಾಪಿಂಗ್ ನಿಲ್ಲುತ್ತದೆ, ಅಡಿಕೆಗೆ ಮದ್ದು ಬಿಡಲು ಒಂದು ಹೊಳವು ಸಿಕ್ಕೀತೇ ಎಂದು ಆಕಾಶ ನೋಡುತ್ತ ಕೂರಬೇಕಾಗುತ್ತದೆ. ಈ ಮಳೆಗಾಲದಲ್ಲಿ ಮನೆಯೊಳಗೆ ಕೇಳಲಿಕ್ಕೆ ತಾಳಮದ್ದಳೆಯ ಹಳೆಯ ರೆಕಾರ್ಡಿಂಗುಗಳು ಇವೆಯಲ್ಲ, ಅವುಗಳಿಗೊಂದು ಯೋಗ್ಯವಾದ ಧ್ವನಿಪೆಟ್ಟಿಗೆಯನ್ನು ಕೈಯಾರೆ ಕಟ್ಟಬೇಕೆಂದು ಹೊರಟವನು ನಾನು. ಕೆಳಗೊಂದು ವೂಫರ್, ಮೇಲೊಂದು ಟ್ವೀಟರ್, ನಡುವೆ ಒಂದು ಮಿಡ್‌ರೇಂಜ್. ಅಂಗಡಿಯವರು ತ್ರೀ-ವೇ ಅನ್ನುವ ಕ್ರಮ.

ವೂಫರ್ ಆರಿಸುವುದು ಅಷ್ಟು ಕಷ್ಟವಲ್ಲ ಮಾರಾಯ್ರೇ. ಕೋಣೆ ಎಷ್ಟು ದೊಡ್ಡದು, ಪೆಟ್ಟಿಗೆ ಎಷ್ಟು ದೊಡ್ಡದು ಎಂದು ನೋಡಿದರೆ ಅರ್ಧ ಉತ್ತರ ಸಿಕ್ಕಿತು. ಟ್ವೀಟರಿನಲ್ಲಿ ಈಗೀಗ ಕೆಟ್ಟದ್ದೇ ಕಡಿಮೆ. ನಡುವಿನದನ್ನು ಆರಿಸುವಾಗ ಮಾತ್ರ ಅವಸರ ಕೂಡದು, ಯಾಕೆಂದರೆ ಮನುಷ್ಯರು ಒಬ್ಬರಿಗೊಬ್ಬರು ಹೇಳುವುದೆಲ್ಲ ಹೆಚ್ಚುಕಡಿಮೆ ಅಲ್ಲೇ ಇದೆ. ಹಳೆಯ ಟೆಲಿಫೋನು 300 ಹರ್ಟ್ಸ್‌ನಿಂದ 3400 ಹರ್ಟ್ಸ್‌ವರೆಗಿನ ಪಟ್ಟಿಯನ್ನಷ್ಟೇ ತಂತಿಯಲ್ಲಿ ಕಳಿಸುತ್ತಿತ್ತು. ಅಷ್ಟರಲ್ಲೇ ಮದುವೆಯ ಮಾತುಕತೆ, ಮರಣವಾರ್ತೆ, ಅಡಿಕೆಯ ಧಾರಣೆ ಎಲ್ಲ ತಲುಪಿದವು. ನಮ್ಮ ಶ್ರವಣೇಂದ್ರಿಯವೂ ಈ ಸೀಮೆಯ ಪಕ್ಷಪಾತಿ. 2000ದಿಂದ 5000 ಹರ್ಟ್ಸ್‌ ನಡುವೆ ಅದು ಅತಿ ಸೂಕ್ಷ್ಮವೆಂದು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ರೇಖೆ ಎಳೆದು ತೋರಿಸಿದ್ದಾರೆ. ಬಾಳೆಲೆಯ ಮೇಲೆ ಅನ್ನ ಇದ್ದ ಹಾಗೆ ಈ ಮಿಡ್‌ರೇಂಜು. ಪಾಯಸವೂ ಬೇಕು, ಉಪ್ಪಿನಕಾಯಿಯೂ ಬೇಕು, ಆದರೆ ಅನ್ನ ಬೇಯದಿದ್ದರೆ ಊಟವೇ ಇಲ್ಲ.

ಇದರ ಮೊದಲ ಪಾಠ ನನಗೆ ಆದದ್ದು ಆಟದ ಗದ್ದೆಯಲ್ಲಿ. ನಾವು ಹುಡುಗರಾಗಿದ್ದಾಗ ಕೊಯ್ಲು ಮುಗಿದ ಗದ್ದೆಯಲ್ಲಿ ಆಟ ಇದೆಯೆಂದರೆ ಸಂಜೆಯೇ ಮೈಕ್ ಸೆಟ್ಟಿನವರು ಬಂದು, ತೆಂಗಿನ ಮರಕ್ಕೋ ಅಡಿಕೆ ಮರದ ಕಂಬಕ್ಕೋ ಹಾರ್ನ್ ಕಟ್ಟಿ, "ಹಲೋ, ಮೈಕ್ ಟೆಸ್ಟಿಂಗ್" ಅಂದದ್ದೇ ತಡ, ಹೊಳೆಯ ಆಚೆಯ ಮನೆಯವರೂ ಸೂಟೆ ಹಚ್ಚಿಕೊಂಡು ಹೊರಡುತ್ತಿದ್ದರು. ಅಜ್ಜನಿಗೆ ಗದ್ದೆಯವರೆಗೆ ನಡೆಯುವ ಪ್ರಾಯ ದಾಟಿತ್ತು. ಅವರು ಜಗಲಿಯಲ್ಲಿ ಕಂಬಳಿ ಹೊದ್ದು ಕೂತು, ಗುಡ್ಡ ದಾಟಿ ಬರುವ ಸ್ವರವನ್ನಷ್ಟೇ ಕೇಳಿ, ಬೆಳಿಗ್ಗೆ ನಾವು ಕಣ್ಣುಜ್ಜುತ್ತ ಮನೆ ಸೇರುವಾಗ, "ಹಿರಣ್ಯಾಕ್ಷನ ಅರ್ಥ ಒಳ್ಳೇದಾಯ್ತು, ಆಮೇಲಿನ ಪದ್ಯಕ್ಕೆ ಮದ್ದಳೆಯ ಶ್ರುತಿ ಸ್ವಲ್ಪ ಇಳಿದಿತ್ತು" ಎಂದು ಕಣ್ಣಾರೆ ನೋಡಿ ಬಂದ ನಮಗೇ ಆಟದ ವರದಿ ಕೊಡುತ್ತಿದ್ದರು. ಆ ಹಾರ್ನಿನಲ್ಲಿ ಗಂಭೀರವಾದ ಮಂದ್ರವೂ ಇಲ್ಲ, ಚಕ್ರತಾಳದ ತುದಿಯ ಝಣತ್ಕಾರವೂ ಇಲ್ಲ. ಕೆಲವು ನೂರು ಹರ್ಟ್ಸ್‌ನಿಂದ ಐದಾರು ಸಾವಿರದವರೆಗೆ ಅದರ ಕೂಗು, ಅಷ್ಟೆ. ರೇಡಿಯೋದ್ದೂ ಅದೇ ಕಥೆ. ಮಂಗಳೂರು ಆಕಾಶವಾಣಿ 1976ರಲ್ಲಿ ಶುರುವಾದ ಮೇಲೆ 1089 ಕಿಲೋಹರ್ಟ್ಸ್‌ಗೆ ಮುಳ್ಳು ತಿರುಗಿಸಿ ಮನೆಮಂದಿಯೆಲ್ಲ ತಾಳಮದ್ದಳೆ ಕೇಳಿದ್ದು ನಾಲ್ಕಿಂಚಿನ ಒಂದೇ ಒಂದು ಕಾಗದದ ಸ್ಪೀಕರಿನಲ್ಲಿ. ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾದಸರಣಿಯ ಒಂದು ಎಳೆಯೂ ಅದರಲ್ಲಿ ನಮಗೆ ತಪ್ಪಲಿಲ್ಲ. ನನ್ನ ತಲೆಮಾರು ಯಕ್ಷಗಾನ ಕೇಳಿ ಬೆಳೆದದ್ದೇ ಈ ನಡುಸೀಮೆಯಲ್ಲಿ.

ಈಗ ಆಯ್ಕೆಗೆ ಬರುವ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೇಳಿದರೆ ಮುಂದಿಡುವುದು ಮುಖ್ಯವಾಗಿ ಎರಡು ಜಾತಿ: ಎರಡಿಂಚಿನ ಡೋಮ್, ನಾಲ್ಕೈದು ಇಂಚಿನ ಕೋನ್. ಡೋಮಿನ ಗುಣ ದೊಡ್ಡದು, ಸ್ವರವನ್ನು ಅಗಲಕ್ಕೆ ಹರಡುತ್ತದೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಆ ಲೆಕ್ಕದಲ್ಲಿ 3400 ಹರ್ಟ್ಸ್‌ನ ಅಲೆಯ ಉದ್ದ 10 ಸೆಂಟಿಮೀಟರ್. ಕೋನಿನ ಅಗಲ ಅಲೆಯ ಉದ್ದವನ್ನು ಮುಟ್ಟಿತೆಂದರೆ ಸ್ವರ ನೆಟ್ಟಗೆ ಮುಂದಕ್ಕೆ ಹೋಗಿ, ಪಕ್ಕದ ಚಾಪೆಯಲ್ಲಿ ಕೂತವರಿಗೆ ಮಂಕಾಗುತ್ತದೆ. ಪುಟ್ಟ ಡೋಮಿಗೆ ಆ ತೊಂದರೆಯಿಲ್ಲ. ಆದರೆ ಅದು 500-600 ಹರ್ಟ್ಸ್‌ಗಿಂತ ಕೆಳಗೆ ಇಳಿಯಲಾರದು, ಅಲ್ಲೇ ನನ್ನ ತಕರಾರು. ಮೂಡುಬಿದಿರೆ ಹತ್ತಿರದ ಮಾರೂರಿನಲ್ಲಿದ್ದು 2023ರಲ್ಲಿ ತೀರಿಕೊಂಡ ಬಲಿಪ ನಾರಾಯಣ ಭಾಗವತರು ಎತ್ತರದ ಶ್ರುತಿಗೆ ಹೆಸರಾದವರು. ಹಾರ್ಮೋನಿಯಮ್ಮಿನ ಭಾಷೆಯಲ್ಲಿ ಕಪ್ಪು ಮೂರರ ಶ್ರುತಿ ಹಿಡಿದರೆ ತಾರಷಡ್ಜ ಸುಮಾರು 370 ಹರ್ಟ್ಸ್, ಅದರ ಮೇಲಿನ ಪಂಚಮ 555. ಭಾಗವತಿಕೆಯ ಜೀವಾಳ ಈ ಮೇಲೇರುವ ಸ್ವರಗಳಲ್ಲಿರುವಾಗ, 600ಕ್ಕೆ ಗಡಿ ಹಾಕಿದರೆ ಮೂಲಸ್ವರ ವೂಫರಿಗೂ ಉಪಸ್ವರಗಳು ಮಿಡ್‌ರೇಂಜಿಗೂ ಪಾಲಾಗುತ್ತವೆ. ಒಬ್ಬರೇ ಭಾಗವತರ ಕಂಠವನ್ನು ಇಬ್ಬರು ಹಂಚಿಕೊಳ್ಳುವುದು ನನಗೆ ಸಮ್ಮತವಿಲ್ಲ. ಏರುದನಿಯಾದರೂ ಒಂದೇ ಕೋನಿನಲ್ಲಿ ಇಡಿಯಾಗಿ ನಿಲ್ಲಬೇಕು. ಹಾಗಾದರೆ ಗಡಿ 300ಕ್ಕೆ ಇಳಿಯಬೇಕು. ಅದಕ್ಕೆ ಐದಿಂಚಿನ ಕೋನೇ ಆಗಬೇಕು. ಅದರ ಸ್ವಂತ ಅನುನಾದ, ಡಬ್ಬದೊಳಗೆ ಕೂತ ಮೇಲೂ, 150 ಹರ್ಟ್ಸ್‌ಗಿಂತ ಮೇಲೆ ಹೋಗಬಾರದು.

ಕೋನ್ ಯಾವುದರದ್ದು? ಕಾಗದ ಹಗುರ, ಕಂಠಕ್ಕೆ ಬಹಳ ಒಳ್ಳೆಯದು, ಆದರೆ ನಮ್ಮ ಆಟಿ ತಿಂಗಳಲ್ಲಿ ಪುಸ್ತಕದ ರಟ್ಟಿಗೂ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಲೇಪನ ಕೊಟ್ಟ ಕಾಗದ. ಅಂಚಿನ ಸುತ್ತು ಫೋಮಿನದ್ದು ಬೇಡವೇ ಬೇಡ; ಕೆಲವು ಮಳೆಗಾಲ ಕಳೆದರೆ ಬೆರಳು ತಾಗಿಸಿದ ಕೂಡಲೇ ಅಂಟಂಟು ಹುಡಿಯಾಗಿ ಉದುರುತ್ತದೆ. ರಬ್ಬರಿನದ್ದೇ ಇರಲಿ.

ಪೆಟ್ಟಿಗೆಯ ವಿಷಯಕ್ಕೆ ಆಚಾರ್ರು ಬಂದರು. "ಅಟ್ಟದಲ್ಲಿ ಹಲಸಿನ ಹಲಗೆ ಉಂಟಲ್ಲ ಅಣ್ಣ, ಅದನ್ನೇ ಹಾಕುವ. ಮದ್ದಳೆಗೂ ಅದೇ ಮರ ಅಲ್ವಾ?" ಪ್ರಶ್ನೆ ಬಹಳ ಒಳ್ಳೆಯದು. ಸಿ.ವಿ. ರಾಮನ್ನರು ನೊಬೆಲ್ ಬರುವ ಮೊದಲೇ, 1920ರಲ್ಲಿ, ನಮ್ಮ ಮೃದಂಗ ಜಾತಿಯ ಚರ್ಮವಾದ್ಯಗಳ ಬಗ್ಗೆ ಬರೆದರು. ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ಮತ್ತೆ ವಿಸ್ತರಿಸಿದರು. ಬರೀ ಚರ್ಮ ಬಿಗಿದ ಡೋಲಿನ ಉಪಸ್ವರಗಳು ಒಂದಕ್ಕೊಂದು ಹೊಂದಿ ಬರುವುದಿಲ್ಲ. ನಡುವೆ ಕಪ್ಪು ಕರಣೆ ಹಚ್ಚಿದ ಚರ್ಮದಲ್ಲಾದರೆ ಅವು ಮೂಲಸ್ವರದ ಎರಡು, ಮೂರು, ನಾಲ್ಕು, ಐದು ಪಟ್ಟಿನ ಲೆಕ್ಕಕ್ಕೆ ಬಂದು ಕೂರುತ್ತವೆ, ಅದಕ್ಕೇ ಮದ್ದಳೆಗೆ ಶ್ರುತಿಯಿದೆ. ಈ ಲೆಕ್ಕದ ಬಹುಪಾಲು ನಡೆಯುವುದು ಮಿಡ್‌ರೇಂಜಿನ ಸೀಮೆಯಲ್ಲಿ. ಅಲ್ಲಿ ಪೆಟ್ಟಿಗೆಯ ಹಲಗೆಯೂ ತನ್ನದೊಂದು ಸ್ವರ ಸೇರಿಸಿದರೆ ಕರಣೆ ಹಚ್ಚಿದವನ ಶ್ರಮವೆಲ್ಲ ನೀರಪಾಲು. ಮದ್ದಳೆಯ ಮರ ನುಡಿಯಬೇಕು, ಧ್ವನಿಪೆಟ್ಟಿಗೆಯ ಮರ ಮೌನವಾಗಿರಬೇಕು. ಆಚಾರ್ರು ಹಲಸಿನ ಹಲಗೆಯನ್ನು ಬೆರಳಗಂಟಿನಿಂದ ತಟ್ಟಿದರು, 18 ಎಂಎಂ ಪ್ಲೈವುಡ್ಡನ್ನು ತಟ್ಟಿದರು, "ಇದಕ್ಕೆ ಜೀವ ಇಲ್ಲ, ಇದೇ ಸರಿ" ಎಂದು ಪ್ಲೈವುಡ್ಡಿಗೇ ಗೆರೆ ಎಳೆದರು. ಮಿಡ್‌ರೇಂಜಿಗೆ ಒಳಗೆ ಪ್ರತ್ಯೇಕ ಕೋಣೆ, ನಾರು ತುಂಬಿ ಪೂರ್ತಿ ಮುಚ್ಚಿದ್ದು. ಇಲ್ಲದಿದ್ದರೆ ವೂಫರ್ ಗಾಳಿ ಒತ್ತಿದಾಗಲೆಲ್ಲ ಇದೂ ಕುಣಿಯುತ್ತದೆ.

ಇನ್ನು ಈ ಗಡಿಗಳನ್ನು ಹಾಕುವ ಕ್ರಾಸ್‌ಓವರ್. ಎಂಟು ಓಮಿನ ಸ್ಪೀಕರಿಗೆ ಎರಡನೇ ದರ್ಜೆಯದ್ದು ಮಾಡುವುದಾದರೆ 300 ಹರ್ಟ್ಸ್‌ಗೆ ಸುಮಾರು 47 ಮೈಕ್ರೋಫ್ಯಾರಡ್ಡಿನ ಕೆಪಾಸಿಟರ್, 6 ಮಿಲಿಹೆನ್ರಿಯ ಕಾಯಿಲ್ ಬೇಕು. ಮೇಲಿನ 3000ದ ಗಡಿಗೆ ಅವುಗಳ ಹತ್ತನೇ ಒಂದು ಪಾಲು ಸಾಕು. ಗಡಿ ಕೆಳಗಿಳಿಸಿದ್ದಕ್ಕೆ ತೆರುವ ಬೆಲೆ ಈ ತಾಮ್ರ, ಅದನ್ನು ಸಂತೋಷದಿಂದಲೇ ತೆರಬೇಕು. ವೂಫರಿಗಿಂತ ಮಿಡ್‌ರೇಂಜಿನ ಸಂವೇದನೆ ಎರಡು ಮೂರು ಡೆಸಿಬೆಲ್ ಹೆಚ್ಚೇ ಇರಲಿ. ಹೆಚ್ಚಿದ್ದನ್ನು ರೆಸಿಸ್ಟರಿನಿಂದ ತಗ್ಗಿಸಬಹುದು, ಕಡಿಮೆಯಿದ್ದದ್ದನ್ನು ಏರಿಸಲು ದಾರಿಯಿಲ್ಲ.

ಸ್ಪೀಕರು ಕೈಗೆ ಬಂದ ಮೇಲೆ ಒಂದೂವರೆ ವೋಲ್ಟಿನ ಸೆಲ್ಲಿನ ಎರಡು ತುದಿ ತಾಗಿಸಿ ನೋಡಿ. ಟಕ್ ಎಂದು ಕೋನ್ ಹೊರಕ್ಕೆ ಚಿಮ್ಮಿದರೆ ಸೆಲ್ಲಿನ ಪ್ಲಸ್ ತಾಗಿದ ತುದಿಯೇ ಪ್ಲಸ್. ಒಳಕ್ಕೆ ಎಳೆದರೆ ತಿರುವುಮುರುವು. ಎರಡನೇ ದರ್ಜೆಯ ಕ್ರಾಸ್‌ಓವರಿನಲ್ಲಿ ಮಿಡ್‌ರೇಂಜನ್ನು ಸಾಮಾನ್ಯವಾಗಿ ಉಲ್ಟಾ ಜೋಡಿಸುವುದರಿಂದ ಈ ಗುರುತು ಪೆನ್ನಿನಲ್ಲಿ ಬರೆದಿಡುವುದು ಕ್ಷೇಮ. ಹೆಬ್ಬೆರಳು ತೋರುಬೆರಳುಗಳಿಂದ ಕೋನನ್ನು ಎರಡೂ ಬದಿ ಹಿಡಿದು ಮೆಲ್ಲಗೆ ಒತ್ತಿ; ಕರಕರ ಎಂದರೆ ಕಾಯಿಲ್ ಉಜ್ಜುತ್ತಿದೆ, ವಾಪಸು ಕೊಡಿ.

ನೀವೂ ಕಟ್ಟುವ ಮನಸ್ಸಿನವರಾದರೆ ಅಂಗಡಿಗೆ ಸಿನಿಮಾ ಹಾಡು ಒಯ್ಯಬೇಡಿ, ತಾಳಮದ್ದಳೆಯ ರೆಕಾರ್ಡಿಂಗ್ ಒಯ್ಯಿರಿ. ಎದುರು ನಿಂತು ಕೇಳಿದ ಮೇಲೆ ಪಕ್ಕಕ್ಕೆ ಸರಿದೂ ಕೇಳಿ. ಅರ್ಥಧಾರಿಯ ಶಕಾರ ಸಕಾರ ಬೇರೆಬೇರೆಯಾಗಿ ಕಿವಿಗೆ ಬೀಳುತ್ತವೋ, ಹೆಂಚಿನ ಮೇಲೆ ಮಳೆ ಹೊಯ್ಯುವಾಗಲೂ ಮಾತು ಬಿಡಿಸಿ ಕೇಳೀತೋ ಎಂಬುದೊಂದನ್ನೇ ನೋಡಿ. ದುಡ್ಡನ್ನು ಮೊದಲು ಮಿಡ್‌ರೇಂಜಿಗೆ ತೆಗೆದಿಡಿ, ಉಳಿದದ್ದರಲ್ಲಿ ಟ್ವೀಟರ್ ಕೊಳ್ಳಿ.